ಮುಖ್ಯ ತೀರ್ಮಾನ ಹುಡುಕಲು ಯಾವ ದಾರಿ ವಾಸಿ?

ಕಾನೂನು ಕಾಲೇಜಿನ ಪ್ರವೇಶಕ್ಕೆ ಬರೆಯುವ ಎಲ್‌ಸ್ಯಾಟ್, ಮ್ಯಾನೇಜ್‌ಮೆಂಟ್ ಕೋರ್ಸಿಗೆ ಬರೆಯುವ ಜಿಮ್ಯಾಟ್‌ನಂಥ ಪರೀಕ್ಷೆಗಳಲ್ಲಿ ನಾಲ್ಕೈದು ಸಾಲಿನ ವಾದ ಕೊಟ್ಟು, ಇದರ ಮುಖ್ಯ ತೀರ್ಮಾನ ಯಾವುದು ಎಂದು ಕೇಳುವುದುಂಟು. 2024ರ ಆಗಸ್ಟ್‌ನಿಂದ ಎಲ್‌ಸ್ಯಾಟ್‌ನಲ್ಲಿ ಲಾಜಿಕ್ ಗೇಮ್ಸ್, ಅಂದರೆ ನಿಯಮ ಕೊಟ್ಟು ಬಿಡಿಸಲು ಹೇಳುವ ಒಗಟುಗಳ ವಿಭಾಗ, ಇಲ್ಲ. ಅಂಕಕ್ಕೆ ಸೇರುವ ಲಾಜಿಕಲ್ ರೀಸನಿಂಗ್ (ಇಂಥ ಸಣ್ಣ ವಾದಗಳ ಪ್ರಶ್ನೆಗಳಿರುವ) ವಿಭಾಗಗಳೇ ಎರಡು, ಒಂದೊಂದಕ್ಕೆ 35 ನಿಮಿಷ. ಒಂದು ಪ್ರಶ್ನೆಗೆ ಒಂದೂವರೆ ನಿಮಿಷವೂ ಸಿಗುವುದು ಕಷ್ಟ. ಆದ್ದರಿಂದ ಹುಡುಕುವ ದಾರಿ ಮುಖ್ಯವಾಗುತ್ತದೆ. ನಾನು ಹಲವು ದಾರಿಗಳನ್ನು ಒಂದೇ ತರಹದ ಪ್ರಶ್ನೆಗಳ ಮೇಲೆ ಹಾಕಿ ನೋಡಿದೆ. ನಾನೇ ಬರೆದ ಈ ವಾದದಲ್ಲಿ ಅವುಗಳ ಗುಣ ಚೆನ್ನಾಗಿ ಕಾಣುತ್ತದೆ:

"ರಸ್ತೆಗೆ ದೀಪ ಹೆಚ್ಚಿಸಿದರೆ ಅಪಘಾತ ಕಡಿಮೆಯಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಆದರೆ ಅದು ಸರಿಯಲ್ಲ. ಬೆಳಕು ಇದ್ದ ಕಡೆ ಚಾಲಕರು ವೇಗ ಹೆಚ್ಚಿಸುತ್ತಾರೆ. ಹಾಗಾಗಿ ಬೆಳಕಿನಿಂದ ಸಿಗುವ ಲಾಭ ವೇಗದಿಂದ ಕಳೆದುಹೋಗುತ್ತದೆ."

ಎಲ್ಲರೂ ಮೊದಲು ಕಲಿಯುವುದು ಸುಳಿವು ಪದ ಹುಡುಕುವುದು. 'ದೇರ್‌ಫೋರ್', 'ಥಸ್', 'ಹೆನ್ಸ್' ಕಂಡರೆ ಅದೇ ತೀರ್ಮಾನ ಎನ್ನುವ ಲೆಕ್ಕ. ಬೇಗ ಆಗುತ್ತದೆ, ನಿಜ. ಆದರೆ ಮೇಲಿನ ವಾದದಲ್ಲಿ 'ಹಾಗಾಗಿ' ಕೂತಿರುವುದು ಕೊನೆಯ ಸಾಲಿನಲ್ಲಿ. ಅದು ನಡುವಿನ ತೀರ್ಮಾನ ಮಾತ್ರ. ಅದರ ಕೆಲಸ ಇನ್ನೊಂದು ಮಾತನ್ನು ಎತ್ತಿ ಹಿಡಿಯುವುದು. ಪ್ರಶ್ನೆ ಬರೆಯುವವರಿಗೆ ಈ ಅಭ್ಯಾಸ ಚೆನ್ನಾಗಿ ಗೊತ್ತು, ಬೇಕಂತಲೇ ಅಲ್ಲಿ ಬಲೆ ಹಾಕುತ್ತಾರೆ. ಕೊನೆಯ ಸಾಲೇ ತೀರ್ಮಾನ ಅಂದುಕೊಂಡವರೂ ಇಲ್ಲೇ ಬೀಳುತ್ತಾರೆ. ಇದಕ್ಕಿಂತ 'ಬಿಕಾಸ್', 'ಸಿನ್ಸ್', 'ಫಾರ್' ಹುಡುಕುವುದು ಒಳ್ಳೆಯದು. ಅವುಗಳ ನಂತರ ಬರುವುದು ಕಾರಣ, ಅಷ್ಟನ್ನು ಪಕ್ಕಕ್ಕಿಡಬಹುದು.

'ಆದರೆ' ಹುಡುಕುವ ದಾರಿ ನನಗೆ ಜಾಸ್ತಿ ಕೈಹಿಡಿಯಿತು. ವಾದ 'ಕೆಲವರು ಹೇಳುತ್ತಾರೆ' ಎಂದು ಶುರುವಾದರೆ, ಲೇಖಕರು ಅದನ್ನು ಒಡೆಯಲು ಬಂದಿದ್ದಾರೆ ಅಂತಲೇ ಹೆಚ್ಚಿನ ಸಲ ಅರ್ಥ. 'ಆದರೆ' ನಂತರದ ಸಾಲೇ ತೀರ್ಮಾನ. ತೊಂದರೆ ಒಂದೇ: ಆ ಸಾಲು 'ಅದು ಸರಿಯಲ್ಲ' ಎಂದು ಮೊಟಕಾಗಿರುತ್ತದೆ. 'ಅದು' ಅಂದರೆ ಏನು ಅಂತ ನಾವೇ ತುಂಬಿಕೊಳ್ಳಬೇಕು. ಎದುರಾಳಿ ಇಲ್ಲದ ವಾದ ಬಂದರಂತೂ ಈ ದಾರಿ ಸುಮ್ನೆ ಕೈಚೆಲ್ಲುತ್ತದೆ.

ಉಳಿದದ್ದು 'ಆದ್ದರಿಂದ' ಪರೀಕ್ಷೆ. ನನ್ನ ಮತ ಇದಕ್ಕೇ. ಅನುಮಾನ ಇರುವ ಎರಡು ಸಾಲು ತೆಗೆದುಕೊಳ್ಳಿ, ನಡುವೆ 'ಆದ್ದರಿಂದ' ಇಟ್ಟು ಎರಡೂ ಕಡೆಯಿಂದ ಓದಿ. "ಲಾಭ ವೇಗದಿಂದ ಕಳೆದುಹೋಗುತ್ತದೆ, ಆದ್ದರಿಂದ ದೀಪ ಹೆಚ್ಚಿಸಿದರೆ ಅಪಘಾತ ಕಡಿಮೆಯಾಗುತ್ತದೆ ಎನ್ನುವುದು ಸರಿಯಲ್ಲ." ಕೂರುತ್ತದೆ. ತಿರುಗಿಸಿ ಓದಿ: "ಅಪಘಾತ ಕಡಿಮೆಯಾಗುವುದಿಲ್ಲ, ಆದ್ದರಿಂದ ಲಾಭ ವೇಗದಿಂದ ಕಳೆದುಹೋಗುತ್ತದೆ." ಕೂರುವುದಿಲ್ಲ, ಅಲ್ವಾ? ಅಪಘಾತ ಕಡಿಮೆಯಾಗದಿರಲು ಬೇರೆ ಕಾರಣವೂ ಇರಬಹುದು. ನಿಧಾನ ಅನ್ನಿಸುತ್ತದೆ, ಆದರೆ ಎರಡೇ ಸಾಲಿನ ಮೇಲೆ ಮಾಡಿದರೆ ಹತ್ತು ಸೆಕೆಂಡಿನ ಕೆಲಸ. ಜಿಮ್ಯಾಟ್‌ನ ಬೋಲ್ಡ್‌ಫೇಸ್ ಪ್ರಶ್ನೆಗೂ ಇದೇ ಸಾಕಾಗುತ್ತದೆ. ಅಲ್ಲಿ ವಾದದ ಕೆಲವು ಭಾಗವನ್ನು ದಪ್ಪ ಅಕ್ಷರದಲ್ಲಿ ಕೊಟ್ಟು, ವಾದದಲ್ಲಿ ಅವುಗಳ ಕೆಲಸ ಏನು ಎಂದು ಕೇಳುತ್ತಾರೆ.

ಆಯ್ಕೆಗಳನ್ನು ಮೊದಲೇ ಓದಿ ಒಂದೊಂದಾಗಿ ಹೊಡೆದುಹಾಕುವ ದಾರಿಯನ್ನು ನಾನು ಬಿಟ್ಟುಬಿಟ್ಟೆ. ಇಲ್ಲಿ "ಹೊಸ ದೀಪ ಹಾಕಬಾರದು" ಎನ್ನುವ ಆಯ್ಕೆ ಬಂದರೆ ಎಷ್ಟು ಚೆಂದ ಕಾಣುತ್ತದೆ ನೋಡಿ. ವಾದ ಅಷ್ಟು ದೂರ ಹೋಗಿಯೇ ಇಲ್ಲ! ಈ ಬಗೆಯ ಪ್ರಶ್ನೆಯಲ್ಲಿ ತೀರ್ಮಾನ ವಾದದೊಳಗೇ ಇರುತ್ತದೆ, ನಾವು ಹೊಸದಾಗಿ ತೆಗೆಯಬೇಕಿಲ್ಲ. ಮೊದಲು ಸಾಲನ್ನು ಗುರುತು ಮಾಡಿಕೊಂಡು, ಆಮೇಲೆ ಅದೇ ಮಾತನ್ನು ಬೇರೆ ಪದಗಳಲ್ಲಿ ಹೇಳಿದ ಆಯ್ಕೆ ಹುಡುಕಿದರೆ ಆಯಿತು.

ಉದ್ದನೆಯ ರೀಡಿಂಗ್ ಕಾಂಪ್ರಹೆನ್ಷನ್‌ಗೆ (ಲೇಖನ ಓದಿ ಉತ್ತರಿಸುವ ಪ್ರಶ್ನೆಗಳಿಗೆ) ಮಾತ್ರ 'ಆದ್ದರಿಂದ' ಪರೀಕ್ಷೆ ಎಳೆದು ತರಬೇಡಿ. ಅಲ್ಲಿ ಮುಖ್ಯ ಮಾತು ಒಂದೇ ಸಾಲಿನಲ್ಲಿ ಇರಬೇಕೆಂದೇನೂ ಇಲ್ಲ.