ಡಾರ್ಕ್ ಸೋಲ್ಸ್ ಹಳೇ ಪಿಸಿ ಆವೃತ್ತಿಗೆ ಡಿಎಸ್‌ಫಿಕ್ಸ್: 30ರ ಬೀಗ ತೆಗೆದು ಹತ್ತು ವರ್ಷ ಆಡಿದ ಮೇಲೆ

ಡಾರ್ಕ್ ಸೋಲ್ಸ್ ಆಟದ ಬ್ಲೈಟ್‌ಟೌನ್ ಅನ್ನುವ ಊರಿನಲ್ಲಿ ಏಣಿ ಇಳಿಯುವ ಮುಂಚೆ ನಾನು ಇವತ್ತಿಗೂ ಒಂದು ಸಲ ಬ್ಯಾಕ್‌ಸ್ಪೇಸ್ ಒತ್ತುತ್ತೇನೆ. ಕಂಟ್ರೋಲರ್ ಹಿಡಿದಿದ್ದರೂ ಬಲಗೈ ತಾನಾಗಿ ಕೀಬೋರ್ಡಿಗೆ ಹೋಗುತ್ತದೆ. ಒತ್ತಿದ ಕೂಡಲೇ ಆಟ ಸೆಕೆಂಡಿಗೆ 60 ಫ್ರೇಮ್‌ನಿಂದ, ಅಂದರೆ 60 ಚಿತ್ರದಿಂದ, 30ಕ್ಕೆ ಇಳಿಯುತ್ತದೆ. ಕೆಳಗೆ ಕಾಲು ನೆಲಕ್ಕೆ ತಾಗಿದ ಮೇಲೆ ಮತ್ತೊಂದು ಸಲ ಒತ್ತಿದರೆ ಮತ್ತೆ 60. ಇದು ಡಿಎಸ್‌ಫಿಕ್ಸ್ ಎಂಬ ಮಾಡ್, ಅಂದರೆ ಆಟಕ್ಕೆ ಹೊರಗಿನವರು ಬರೆದ ತಿದ್ದುಪಡಿ, ಮಾಡುವ ಕೆಲಸ. ಇಷ್ಟು ವರ್ಷ ಬಳಸಿದ ಮೇಲೂ ಅದರ ಬಗ್ಗೆ ನಾನು ಮೊದಲು ಹೇಳುವ ವಿಷಯ ಇದೇ. ಫ್ರೇಮ್ ರೇಟ್ ಬೀಗ, ಅಂದರೆ ಸೆಕೆಂಡಿಗೆ ಇಷ್ಟೇ ಫ್ರೇಮ್ ಅನ್ನುವ ಮಿತಿ, ತೆಗೆಯುವುದು ಸುಲಭ. ಆ ಬೀಗವನ್ನು ಯಾಕೆ ಹಾಕಿದ್ದರು ಅಂತ ತಿಳಿದುಕೊಂಡು ತೆಗೆದರೆ ಆಟ ಕೈಗೆ ಸಿಗುತ್ತದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಡಾರ್ಕ್ ಸೋಲ್ಸ್ 2011ರಲ್ಲಿ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360ಕ್ಕೆ ಬಂತು. ಪಿಸಿಗೂ ಬೇಕು ಅಂತ ಆಟಗಾರರು ಸಹಿ ಸಂಗ್ರಹ ಮಾಡಿದರು. 2012ರ ಆಗಸ್ಟ್‌ನಲ್ಲಿ 'ಪ್ರಿಪೇರ್ ಟು ಡೈ' ಆವೃತ್ತಿ ಪಿಸಿಗೆ ಬಂತು. ಬಂದದ್ದೇನೋ ಬಂತು, ಆದರೆ ಕನ್ಸೋಲ್‌ನಲ್ಲಿ ಹೇಗಿತ್ತೋ ಹಾಗೇ ಬಂತು. ಸೆಕೆಂಡಿಗೆ 30 ಫ್ರೇಮ್, ಅದಕ್ಕಿಂತ ಮೇಲೆ ಒಂದೂ ಇಲ್ಲ. ಚಿತ್ರವನ್ನು ಒಳಗೆ 1024x720ರಲ್ಲಿ ಬಿಡಿಸಿ ಆಮೇಲೆ ಪರದೆಗೆ ಎಳೆಯುತ್ತಿತ್ತು. ನೀವು ಸೆಟ್ಟಿಂಗ್‌ನಲ್ಲಿ 1920x1080 ಅಂತ ಆರಿಸಿದರೂ ಒಳಗಿನ ಲೆಕ್ಕ ಬದಲಾಗುತ್ತಿರಲಿಲ್ಲ. ಎಷ್ಟು ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಅದೇ ಮಂಜು ಮಂಜು ಚಿತ್ರ, ಅದೇ 30.

ಆಟ ಬಂದ ದಿನವೇ, ಒಂದು ಗಂಟೆ ಕಳೆಯುವ ಮೊದಲೇ, ಡ್ಯುರಾಂಟೆ ಎಂಬ ಹೆಸರಿನಲ್ಲಿ ಬರೆಯುವ ಪೀಟರ್ ಥೋಮನ್ ಡಿಎಸ್‌ಫಿಕ್ಸ್‌ನ ಮೊದಲ ರೂಪ ಹೊರಗೆ ಬಿಟ್ಟರು. ಅದು ರೆಸಲ್ಯೂಷನ್ ಮಾತ್ರ ಸರಿಮಾಡುತ್ತಿತ್ತು. ಫ್ರೇಮ್ ಬೀಗ ತೆಗೆಯುವ ಸೌಲಭ್ಯ ಆಮೇಲಿನ ಆವೃತ್ತಿಯಲ್ಲಿ ಸೇರಿತು. ದುಡ್ಡು ಕೇಳಲಿಲ್ಲ. ಕೋಡ್ ಕೂಡ ಎಲ್ಲರಿಗೂ ತೆರೆದಿಟ್ಟರು. ಇದೇ ಮನುಷ್ಯ ಮುಂದೆ ಪಿಸಿಗೆ ಆಟ ತರುವುದನ್ನೇ ಕೆಲಸ ಮಾಡಿಕೊಂಡರು. 2017ರಲ್ಲಿ ಪಿಸಿಗೆ ಬಂದ 'ಟ್ರೇಲ್ಸ್ ಆಫ್ ಕೋಲ್ಡ್ ಸ್ಟೀಲ್' ಹಿಂದೆ ಅವರ ಕೈಯಿದೆ. ನನಗೆ ಅವರ ಮೇಲೆ ತುಂಬ ಗೌರವ. ಅವರಿಲ್ಲದಿದ್ದರೆ ನಾನು ಈ ಆಟವನ್ನು ಎರಡನೇ ದಿನಕ್ಕೇ ಬಿಟ್ಟುಬಿಡುತ್ತಿದ್ದೆ.

ನಾನು ಆಟ ಕೊಂಡಿದ್ದು ಒಂದು ರಿಯಾಯಿತಿ ಮಾರಾಟದಲ್ಲಿ. ಆಗ ನನ್ನ ಹತ್ತಿರ ಇದ್ದದ್ದು ಸಾಧಾರಣ ಡೆಸ್ಕ್‌ಟಾಪ್. ಮೊದಲ ಸಂಜೆ ಮಾಡ್ ಇಲ್ಲದೆ ಆಡಿದೆ. ಕ್ಯಾಮೆರಾ ತಿರುಗಿಸಿದರೆ ಕಣ್ಣು ನೋಯುತ್ತಿತ್ತು. ಶೀಲ್ಡ್ ಎತ್ತುವ ಬಟನ್ ಒತ್ತಿದ ಮೇಲೆ ಕೈ ಏಳುವುದಕ್ಕೆ ಒಂದು ಗಳಿಗೆ ಕಾಯಬೇಕು ಅನ್ನಿಸುತ್ತಿತ್ತು. ಅದು ಬರೀ ಅನಿಸಿಕೆಯಲ್ಲ. 30ರಲ್ಲಿ ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ 33.3 ಮಿಲಿಸೆಕೆಂಡ್. 60ರಲ್ಲಿ 16.7. ಬೆರಳು ಒತ್ತಿದ್ದು ಕಣ್ಣಿಗೆ ಕಾಣುವ ಹೊತ್ತಿಗೆ ಎರಡು ಮೂರು ಫ್ರೇಮ್ ಕಳೆದಿರುತ್ತದೆ. ಹಾಗಾಗಿ ಒಂದೊಂದು ಫ್ರೇಮ್ ಅರ್ಧಕ್ಕೆ ಇಳಿದರೆ ಕೈಗೆ ಗೊತ್ತಾಗದೆ ಇರುವುದಿಲ್ಲ.

ನನಗೆ ಅದು ಗೊತ್ತಾದದ್ದು ಕ್ಯಾಪ್ರಾ ಡೀಮನ್ ಎಂಬ ದೈತ್ಯನ ಹತ್ತಿರ. ಆಡಿದವರಿಗೆ ನೆನಪಿರುತ್ತದೆ, ಅಲ್ವಾ? ಒಂದು ಇಕ್ಕಟ್ಟಾದ ಅಂಗಳ. ಬಾಗಿಲು ದಾಟಿದ ಕೂಡಲೇ ಎರಡು ನಾಯಿಗಳು ಕಾಲಿಗೆ ಬೀಳುತ್ತವೆ, ಮೇಲಿಂದ ಎರಡು ಕತ್ತಿಗಳ ದೈತ್ಯ. ಕ್ಯಾಮೆರಾ ಗೋಡೆಗೆ ಸಿಕ್ಕಿಕೊಳ್ಳುತ್ತದೆ. 30ರಲ್ಲಿ ನಾಯಿ ನೆಗೆದದ್ದು ಕಾಣುವಷ್ಟರಲ್ಲಿ ಕಚ್ಚಿ ಆಗಿರುತ್ತಿತ್ತು. 60ಕ್ಕೆ ಹಾಕಿದ ಮೇಲೆ ನಾಯಿಯ ಹಿಂಗಾಲು ಕುಗ್ಗುವುದು ಕಾಣಿಸಿತು. ಕುಗ್ಗಿತು ಅಂದರೆ ಈಗ ನೆಗೆಯುತ್ತದೆ ಅಂತ ಅರ್ಥ. ಶೀಲ್ಡ್ ಎತ್ತಿದೆ, ತಡೆಯಿತು. ಆಟ ಸುಲಭ ಆಗಲಿಲ್ಲ. ನಾಯಿ ಅದೇ ವೇಗದಲ್ಲಿ ಬರುತ್ತದೆ, ಹೊಡೆತ ಅಷ್ಟೇ ಜೋರು. ಆದರೆ ಸತ್ತಾಗ ಯಾಕೆ ಸತ್ತೆ ಅಂತ ಕಣ್ಣಾರೆ ಕಾಣುತ್ತಿತ್ತು. ಈ ಆಟದಲ್ಲಿ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಹಾಕುವುದು ಕಷ್ಟವಲ್ಲ. ಮಾಡ್‌ನ ಜಿಪ್ ಬಿಚ್ಚಿ, ಆಟದ ಫೋಲ್ಡರಿನೊಳಗಿನ 'ಡೇಟಾ' ಫೋಲ್ಡರಿಗೆ ಫೈಲುಗಳನ್ನು ಹಾಕಬೇಕು. ಅದರಲ್ಲಿ ಮಾಡ್‌ನ ಕೋಡ್ ಇರುವ ಡಿಎಲ್‌ಎಲ್ ಫೈಲ್ ಒಂದು, ಸೆಟ್ಟಿಂಗ್ ಬರೆದಿರುವ 'ಡಿಎಸ್‌ಫಿಕ್ಸ್ ಐಎನ್‌ಐ' ಒಂದು, ಕೀಗಳಿಗೆ ಇನ್ನೊಂದು ಐಎನ್‌ಐ ಮುಖ್ಯ. ಆಟದೊಳಗಿನ ಆ್ಯಂಟಿ ಅಲಿಯಾಸಿಂಗ್ (ಚಿತ್ರದ ಒರಟು ಅಂಚು ನಯ ಮಾಡುವ ಸೆಟ್ಟಿಂಗ್) ಅನ್ನು ಕಡ್ಡಾಯವಾಗಿ ಆಫ್ ಮಾಡಬೇಕು, ಇಲ್ಲದಿದ್ದರೆ ಚಿತ್ರ ಕೆಡುತ್ತದೆ. ಆಮೇಲೆ ನೋಟ್‌ಪ್ಯಾಡ್‌ನಲ್ಲಿ ಐಎನ್‌ಐ ತೆರೆದು 'ರೆಂಡರ್ ವಿಡ್ತ್', 'ರೆಂಡರ್ ಹೈಟ್' ಮುಂದೆ ನಿಮ್ಮ ಮಾನಿಟರಿನ ಅಳತೆ ಬರೆಯಿರಿ. 'ಅನ್‌ಲಾಕ್ ಎಫ್‌ಪಿಎಸ್' ಮುಂದೆ 0 ಇರುತ್ತದೆ, ಅದನ್ನು 1 ಮಾಡಿ. 'ಎಫ್‌ಪಿಎಸ್ ಲಿಮಿಟ್' 60 ಅಂತಲೇ ಇರಲಿ. ಪದಕ್ಕೂ ಅಂಕಿಗೂ ನಡುವೆ ಬರೀ ಜಾಗ ಬಿಡಬೇಕು, ಸಮ ಚಿಹ್ನೆ ಹಾಕಬಾರದು. ಬೇರೆ ಆಟಗಳ ಐಎನ್‌ಐ ತಿದ್ದಿ ಅಭ್ಯಾಸ ಇರುವವರ ಕೈ ಅಲ್ಲಿ ಸುಮ್ನೆ ಸಮ ಚಿಹ್ನೆ ಬರೆದುಬಿಡುತ್ತದೆ. ನಾನೂ ಬರೆದಿದ್ದೆ.

ಇಷ್ಟೆಲ್ಲ ಮಾಡಿದ ಮೇಲೂ 30ರಲ್ಲೇ ನಿಂತಿದೆ ಅನ್ನುವ ಮಾತು ತುಂಬ ಕೇಳುತ್ತೇನೆ. ಈ ಹತ್ತು ವರ್ಷದಲ್ಲಿ ನನಗೂ ನನ್ನ ಗೆಳೆಯರಿಗೂ ಹಾಗೆ ಆದಾಗ ಕಾರಣ ಮೂರರಲ್ಲಿ ಒಂದು ಆಗಿರುತ್ತಿತ್ತು.

ಜಾಸ್ತಿ ಸಲ ಕಂಡದ್ದು ವಿ-ಸಿಂಕ್, ಅಂದರೆ ಕಾರ್ಡಿನ ಫ್ರೇಮನ್ನು ಮಾನಿಟರಿನ ತಾಳಕ್ಕೆ ಹೊಂದಿಸುವ ಸೆಟ್ಟಿಂಗ್. ನನ್ನ ಹಳೇ ಕಾರ್ಡಿನಲ್ಲಿ ಇದು ನನ್ನನ್ನು ಒಂದು ವಾರ ಕಾಡಿಸಿತು. 60 ಹರ್ಟ್ಜ್ ಮಾನಿಟರ್ ಪ್ರತಿ 16.7 ಮಿಲಿಸೆಕೆಂಡಿಗೆ ಒಂದು ಹೊಸ ಚಿತ್ರ ತೋರಿಸುತ್ತದೆ. ಕಾರ್ಡ್ ಒಂದು ಫ್ರೇಮ್‌ಗೆ 18 ಮಿಲಿಸೆಕೆಂಡ್ ತೆಗೆದುಕೊಂಡಿತು ಅಂದುಕೊಳ್ಳಿ. ಬಸ್ ತಪ್ಪಿತು. ವಿ-ಸಿಂಕ್ ಇದ್ದರೆ ಆ ಫ್ರೇಮ್ ಮುಂದಿನ ಬಸ್ಸಿಗೆ ಕಾಯಬೇಕು, ಅಂದರೆ 33.3ರ ತನಕ. ಪ್ರತಿ ಫ್ರೇಮಿಗೂ ಹೀಗೇ ಆದರೆ ಎಣಿಕೆ ನೇರ 30ಕ್ಕೆ ಬಂದು ನಿಲ್ಲುತ್ತದೆ. ನೋಡುವವರಿಗೆ ಬೀಗ ತೆಗೆದೇ ಇಲ್ಲ ಅನ್ನಿಸುತ್ತದೆ. ನಿಜವಾಗಿ ಬೀಗ ತೆಗೆದಿರುತ್ತದೆ, ಕಾರ್ಡಿಗೆ 1.3 ಮಿಲಿಸೆಕೆಂಡ್ ಸಾಲುತ್ತಿರುವುದಿಲ್ಲ. ನಾನು ರೆಂಡರ್ ಅಳತೆಯನ್ನು 1600x900ಕ್ಕೆ ಇಳಿಸಿದೆ, ನೆರಳಿನ ಎಸ್‌ಎಸ್‌ಎಒ ಆಫ್ ಮಾಡಿದೆ. ಆ ಕ್ಷಣವೇ 60 ಬಂತು. ಇದನ್ನು ತಿಳಿಯದೆ ಮಾಡ್ ಕೆಲಸ ಮಾಡಲ್ಲ ಅಂತ ಅಳಿಸಿ ಹಾಕಿದವರು ಬೇಕಾದಷ್ಟು ಜನ ಇರಬೇಕು.

ಇನ್ನೊಂದು, ಗೊತ್ತಿಲ್ಲದೆ ಬ್ಯಾಕ್‌ಸ್ಪೇಸ್ ಒತ್ತಿರುವುದು. ಮಾಡ್‌ನಲ್ಲಿ ಆ ಕೀಗೆ 30 ಮತ್ತು 60ರ ನಡುವೆ ಬದಲಿಸುವ ಕೆಲಸ ಕೊಟ್ಟಿರುತ್ತಾರೆ.

ಮೂರನೆಯದು ಲ್ಯಾಪ್‌ಟಾಪ್. ಗೆಳೆಯನೊಬ್ಬ ಮನೆಗೆ ಲ್ಯಾಪ್‌ಟಾಪ್ ತಂದು, ಇದರಲ್ಲಿ ಯಾವ ಆಟ ಹಾಕಿದರೂ 30 ದಾಟಲ್ಲ ಮಾರಾಯ ಅಂದ. ಚಾರ್ಜರ್ ಚುಚ್ಚಿರಲಿಲ್ಲ. ಬ್ಯಾಟರಿಯಲ್ಲಿ ಓಡುವಾಗ ಕರೆಂಟ್ ಉಳಿಸುವುದಕ್ಕೆ ಗ್ರಾಫಿಕ್ಸ್ ಡ್ರೈವರ್ ತಾನೇ ಫ್ರೇಮ್ ಕಟ್ಟಿಹಾಕುವ ಒಂದು ಸೆಟ್ಟಿಂಗ್ ಇತ್ತು. ಚಾರ್ಜರ್ ಹಾಕಿದೆವು, ಮುಗಿಯಿತು.

ಈಗ ಏಣಿಯ ವಿಷಯಕ್ಕೆ ಬರುತ್ತೇನೆ. ಮಾಡ್ ಹಾಕಿದ ಎರಡನೇ ವಾರ. ಏಣಿಯಲ್ಲಿ ಮೆಟ್ಟಿಲು ಮೆಟ್ಟಿಲು ಇಳಿಯುವ ಬದಲು ಓಡುವ ಬಟನ್ ಒತ್ತಿ ಸರ್ರನೆ ಜಾರಿಕೊಂಡು ಇಳಿಯಬಹುದು. ಹಾಗೆ ಇಳಿದೆ. ಕೆಳಗೆ ಮುಟ್ಟಿದಾಗ ಪಾತ್ರ ನಿಲ್ಲಲೇ ಇಲ್ಲ. ನೆಲದ ಹಲಗೆಯ ಮೂಲಕ ಕೆಳಗೆ ಇಳಿದುಹೋಯಿತು. ಒಂದು ಕ್ಷಣ ಹಲಗೆಗಳ ಅಡಿಭಾಗ ಕಂಡಿತು, ಇಡೀ ಊರು ಮೇಲಕ್ಕೆ ಹೋದಂತೆ ಕಂಡಿತು, ಆಮೇಲೆ ಖಾಲಿ ಜಾಗ, ಸಾವು. ಕೈಯಲ್ಲಿದ್ದ ಸೋಲ್‌ಗಳನ್ನು (ಶತ್ರುಗಳನ್ನು ಕೊಂದು ಗಳಿಸುವ ಆಟದೊಳಗಿನ ಹಣ) ನೆನೆದು ಹೊಟ್ಟೆ ಉರಿಯಿತು. ಆದರೆ ತಪ್ಪು ಮಾಡ್‌ನದಲ್ಲ. ಅದರ ಜೊತೆ ಬರುವ ಟಿಪ್ಪಣಿಯಲ್ಲೇ ಸ್ಪಷ್ಟವಾಗಿ ಬರೆದಿದ್ದಾರೆ, ನಾನು ಓದಿರಲಿಲ್ಲ.

ಕಾರಣ ಹೀಗೆ. ಆಟವನ್ನು ಕಟ್ಟಿದ್ದೇ 30 ಫ್ರೇಮ್ ನಂಬಿಕೊಂಡು. ಪಾತ್ರ ಎಷ್ಟು ಸರಿಯಬೇಕು, ನೆಲ ತಾಗಿತೇ ಇಲ್ಲವೇ, ನೆಗೆದವನು ಎಲ್ಲಿ ಬೀಳಬೇಕು, ಎಲ್ಲವನ್ನೂ ಫ್ರೇಮ್ ಫ್ರೇಮಿಗೆ ಲೆಕ್ಕ ಹಾಕುತ್ತದೆ. ಮಾಡ್ ಬಂದು ಒಂದು ಫ್ರೇಮ್‌ನ ಅವಧಿಯನ್ನು ಅರ್ಧ ಮಾಡುತ್ತದೆ. ಹೆಚ್ಚಿನ ಲೆಕ್ಕ ಹೊಂದಿಕೊಳ್ಳುತ್ತದೆ, ಅದಕ್ಕೇ ಆಟ ಎರಡು ಪಟ್ಟು ವೇಗವಾಗಿ ಓಡುವುದಿಲ್ಲ. ಕೆಲವು ಕಡೆ ಮಾತ್ರ ಹೊಂದುವುದಿಲ್ಲ. ಏಣಿ ಜಾರುವುದು ಅದರಲ್ಲಿ ಒಂದು. ನೆಗೆತ ಇನ್ನೊಂದು. 60ರಲ್ಲಿ ನೆಗೆದರೆ ದೂರ ಸ್ವಲ್ಪ ಕಡಿಮೆ ಬರುತ್ತದೆ. ಫೈರ್‌ಲಿಂಕ್ ಶ್ರೈನ್‌ನಲ್ಲಿ ಕಾಗೆ ಗೂಡಿಗೆ ಹೋಗುವ ದಾರಿಯಲ್ಲಿ ನಾನು ಮೂರು ಸಲ ಬಿದ್ದೆ. 30ಕ್ಕೆ ಇಳಿಸಿಕೊಂಡು ಒಂದೇ ಸಲಕ್ಕೆ ದಾಟಿದೆ.

ಬ್ಯಾಕ್‌ಸ್ಪೇಸ್ ಕೀ ಇರುವುದು ಇದಕ್ಕೇ. ಏಣಿಯನ್ನು ನಿಧಾನಕ್ಕೆ ಇಳಿದರೆ ಕೀ ಒತ್ತುವ ಅಗತ್ಯವೂ ಇಲ್ಲ. ಆದರೆ ಬ್ಲೈಟ್‌ಟೌನ್ ಪೂರ್ತಿ ಏಣಿಗಳೇ. ವಿಷದ ಬಾಣ ಬೆನ್ನಿಗೆ ಬೀಳುತ್ತಿರುವಾಗ ನಿಧಾನಕ್ಕೆ ಇಳಿಯುವ ತಾಳ್ಮೆ ಯಾರಿಗಿದೆ? ಎಫ್‌ಪಿಎಸ್ ಲಿಮಿಟ್ ಅನ್ನು 60ಕ್ಕಿಂತ ಮೇಲೆ ಹಾಕಬೇಡಿ ಅಂತ ನಾನು ಹೇಳುವುದೂ ಇದಕ್ಕೇ.

ಇಂಥ ತೊಡಕು ಈ ಒಂದು ಆಟದ್ದಲ್ಲ. ಇದರ ಎರಡನೇ ಭಾಗ ಪಿಸಿಯಲ್ಲಿ ಮೊದಲಿನಿಂದಲೇ 60ರಲ್ಲಿ ಓಡುತ್ತಿತ್ತು, ಆದರೆ ಅಲ್ಲಿ ಆಯುಧಗಳು 30ರಲ್ಲಿ ಆಡಿದವರಿಗಿಂತ ಬೇಗ ಸವೆಯುತ್ತಿದ್ದವು. 2015ರಲ್ಲಿ ಅದನ್ನು ಸರಿಮಾಡಿದರು. ಸ್ಕೈರಿಮ್ ಎಂಬ ಇನ್ನೊಂದು ಆಟದಲ್ಲಿ 60ರ ಬೀಗ ತೆಗೆದವರು ಶುರುವಿನ ಗಾಡಿಯೇ ಕುಣಿದಾಡುವುದನ್ನು ನೋಡಿದ್ದಾರೆ. 2022ರ ಎಲ್ಡನ್ ರಿಂಗ್ ಕೂಡ ಪಿಸಿಯಲ್ಲಿ 60ಕ್ಕೆ ನಿಲ್ಲುತ್ತದೆ. ಅಲ್ಲಿ ಬೀಗ ತೆಗೆಯಬೇಕು ಅಂದರೆ ಮೋಸ ತಡೆಯುವ ಆ್ಯಂಟಿ ಚೀಟ್ ಆಫ್ ಮಾಡಿ ಆಫ್‌ಲೈನ್ ಆಡಬೇಕು. ಆನ್‌ಲೈನ್‌ನಲ್ಲಿ ಮಾಡಲು ಹೋಗಿ ಅಕೌಂಟ್ ಕಳೆದುಕೊಳ್ಳಬೇಡಿ.

ಡಿಎಸ್‌ಫಿಕ್ಸ್‌ನಲ್ಲಿ ಯಾರೂ ಜಾಸ್ತಿ ಮಾತಾಡದ ಒಂದು ಸೌಲಭ್ಯ ಇದೆ. ಸೇವ್ ಫೈಲ್‌ನ ನಕಲು ತೆಗೆದಿಡುವುದು. ಐಎನ್‌ಐನಲ್ಲಿ 'ಎನೇಬಲ್ ಬ್ಯಾಕಪ್ಸ್' 1 ಮಾಡಿದರೆ 1500 ಸೆಕೆಂಡಿಗೊಮ್ಮೆ, ಅಂದರೆ 25 ನಿಮಿಷಕ್ಕೊಮ್ಮೆ, ನಕಲು ಇಡುತ್ತದೆ. ಹತ್ತು ಆದ ಮೇಲೆ ಹಳೆಯದನ್ನು ತಾನೇ ಅಳಿಸುತ್ತದೆ. ಒಂದು ಮಳೆಗಾಲದ ಸಂಜೆ ಆಟ ಸೇವ್ ಆಗುತ್ತಿರುವಾಗಲೇ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ತಿಂಗಳಾಗಿತ್ತು. ಕರೆಂಟ್ ಬಂದು ನೋಡಿದರೆ ಸೇವ್ ತೆರೆಯುತ್ತಿಲ್ಲ. ಎಪ್ಪತ್ತು ಗಂಟೆ ಆಡಿದ ಪಾತ್ರ. ಡಾಕ್ಯುಮೆಂಟ್ಸ್ ಒಳಗಿನ ಸೇವ್ ಫೋಲ್ಡರ್ ತೆರೆದೆ, ಮಾಡ್ ತೆಗೆದಿಟ್ಟ ಕೊನೆಯ ನಕಲಿನ ಹೆಸರು ಬದಲಿಸಿ ಹಾಕಿದೆ. ಇಪ್ಪತ್ತು ನಿಮಿಷದ ಆಟ ಮಾತ್ರ ಹೋಗಿತ್ತು. ಆ ರಾತ್ರಿ ನನಗಾದ ನೆಮ್ಮದಿ ದೊಡ್ಡದು. ಫ್ರೇಮ್ ರೇಟ್ ಬೇಡ ಅನ್ನುವವರೂ ಇದೊಂದಕ್ಕಾಗಿ ಮಾಡ್ ಹಾಕಿಕೊಳ್ಳಬಹುದು.

ಕೊರತೆಗಳೂ ಇವೆ. ಸೆಟ್ಟಿಂಗ್‌ಗೆ ಕಿಟಕಿ ಅಂತ ಇಲ್ಲ, ಎಲ್ಲ ನೋಟ್‌ಪ್ಯಾಡ್‌ನಲ್ಲೇ. ಫೈಲ್ ತಿದ್ದಲು ಹೆದರಿಕೆ ಇರುವವರಿಗೆ ಇದು ಕಷ್ಟ. 60ರಲ್ಲಿ ಕಾರ್ಡ್ ಜಾಸ್ತಿ ಬಿಸಿಯಾಗುತ್ತದೆ, ಬೇಸಿಗೆ ಮಧ್ಯಾಹ್ನ ಫ್ಯಾನ್ ಸದ್ದು ಕೇಳುತ್ತದೆ. ಮಾಡ್‌ಗೆ ಹೊಸ ಆವೃತ್ತಿ ಬರುವುದು ನಿಂತು ವರ್ಷಗಳಾದವು. ನನಗೆ ಅದರಿಂದ ತೊಂದರೆಯಾಗಿಲ್ಲ, ಯಾಕೆಂದರೆ ಆಟವೂ ಬದಲಾಗುವುದಿಲ್ಲ.

ಈಗ ಹೊಸಬರು ಏನು ಮಾಡಬೇಕು? 2018ರಲ್ಲಿ 'ರೀಮಾಸ್ಟರ್ಡ್' ಬಂತು, ಹಳೇ ಆವೃತ್ತಿಯನ್ನು ಸ್ಟೀಮ್ ಅಂಗಡಿಯಿಂದ ತೆಗೆದರು. ರೀಮಾಸ್ಟರ್ಡ್ ಯಾವ ಮಾಡ್ ಇಲ್ಲದೆ 60ರಲ್ಲಿ ಓಡುತ್ತದೆ. ಹಳೇ ಪಿಸಿ ಆವೃತ್ತಿಗೆ ಆನ್‌ಲೈನ್ 2022ರಲ್ಲಿ ನಿಂತದ್ದು ಮತ್ತೆ ಬರಲಿಲ್ಲ. ಆದ್ದರಿಂದ ಮೊದಲ ಸಲ ಆಡುವವರು, ಜೊತೆಗಾರರು ಬೇಕು ಅನ್ನುವವರು ರೀಮಾಸ್ಟರ್ಡ್ ತಗೊಳ್ಳಿ. ಹಳೆಯದು ನಿಮ್ಮ ಲೈಬ್ರರಿಯಲ್ಲಿ ಮೊದಲೇ ಇದ್ದರೆ ಮಾತ್ರ ಇನ್ನೊಂದು ಸಲ ದುಡ್ಡು ಹಾಕಬೇಡಿ. ಒಬ್ಬರೇ ಕೂತು ಆಡುವುದಕ್ಕೆ ಡಿಎಸ್‌ಫಿಕ್ಸ್ ಹಾಕಿದ ಹಳೇ ಆವೃತ್ತಿ ಇವತ್ತಿಗೂ ಚೆನ್ನಾಗಿದೆ. ಅದರ ಬೆಳಕು, ಬೆಂಕಿಯ ಬಣ್ಣ ನನಗೆ ಹೊಸದಕ್ಕಿಂತ ಹಿಡಿಸುತ್ತದೆ.

ಹೋದ ವರ್ಷ 144 ಹರ್ಟ್ಜ್ ಮಾನಿಟರ್ ತಂದೆ. ಅದರಲ್ಲಿ ಈ ಆಟ ಹಾಕಿದಾಗ 60 ತೋರಿಸಿದರೂ ಚಲನೆ ಸಣ್ಣಗೆ ಜಗ್ಗುತ್ತಿತ್ತು. 144ನ್ನು 60ರಿಂದ ಭಾಗಿಸಿದರೆ ಸರಿಯಾಗಿ ಹೋಗುವುದಿಲ್ಲ. ಒಂದು ಚಿತ್ರ ಎರಡು ಸಲ ಕಂಡರೆ ಇನ್ನೊಂದು ಮೂರು ಸಲ ಕಾಣುತ್ತದೆ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಮಾನಿಟರನ್ನು 120ಕ್ಕೆ ಇಳಿಸಿದೆ. ಈಗ ಪ್ರತಿ ಚಿತ್ರವೂ ಸರಿಯಾಗಿ ಎರಡು ಸಲ. ಆಮೇಲೆ ಆಟದಲ್ಲಿ ಸೆನ್ಸ್ ಫೋರ್ಟ್ರೆಸ್ ಎಂಬ ಕೋಟೆಯ ಮೊದಲ ಸೇತುವೆಗೆ ಹೋಗಿ ನಿಂತೆ. ತೂಗಾಡುವ ಆ ದೊಡ್ಡ ಕೊಡಲಿಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಎಲ್ಲೂ ತಡೆಯದೆ ಹೋಗಿ ಬರುತ್ತಿದ್ದವು. ದಾಟುವುದನ್ನೂ ಮರೆತು ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದೆ.