ರಸ್ಟ್‌ಡೆಸ್ಕ್ ಸ್ಲೋ ಅಲ್ಲ, ಮನೆಯ ರೂಟರ್ ನೋಡಿ

ಒಂದು ಕಂಪ್ಯೂಟರಿನ ಮುಂದೆ ಕೂತು ಇನ್ನೊಂದನ್ನು ನಡೆಸಲು ಬಳಸುವ ಆಪ್ ರಸ್ಟ್‌ಡೆಸ್ಕ್. ಅದು ಸ್ಲೋ ಅಂತ ತೆಗೆದುಹಾಕುವ ಮೊದಲು, ನಿಮ್ಮ ಮನೆಯಲ್ಲಿ ಎಷ್ಟು ರೂಟರ್ ಇವೆ ನೋಡಿಕೊಳ್ಳಿ. ಎರಡಿದ್ದರೆ ಮುಂದೆ ಓದಿ.

ನನ್ನ ಡೆಸ್ಕ್‌ಟಾಪ್ ಇರುವುದು ಮಹಡಿ ಮೇಲಿನ ಶೀಟ್ ರೂಮಿನಲ್ಲಿ. ಬೇಸಿಗೆಯ ಮಧ್ಯಾಹ್ನ ಅಲ್ಲಿ ಕೂರುವ ಹಾಗೇ ಇಲ್ಲ. ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪ್ ಬಳಸೋಣ ಅಂದರೆ ನನ್ನದು ಹೋಮ್ ಆವೃತ್ತಿ, ಅದರೊಳಗೆ ಹೊರಗಿನಿಂದ ಬರಲು ಆಗುವುದಿಲ್ಲ, ಪ್ರೊ ಬೇಕು. ಇದೊಂದಕ್ಕೆ ಯಾರು ದುಡ್ಡು ಹಾಕುತ್ತಾರೆ? ರಸ್ಟ್‌ಡೆಸ್ಕ್ ಫ್ರೀ, ಓಪನ್ ಸೋರ್ಸ್ ಬೇರೆ.

ಐಡಿ, ಪಾಸ್‌ವರ್ಡ್ ಕೊಟ್ಟ ತಕ್ಷಣ ಕನೆಕ್ಟ್ ಆಯಿತು. ಆದರೆ ಕೆಳಗೆ ಲ್ಯಾಪ್‌ಟಾಪಿನಲ್ಲಿ ಮೌಸ್ ಎಳೆದರೆ ಬಾಣ ಸಾವಕಾಶವಾಗಿ ಹಿಂದಿನಿಂದ ಬರುತ್ತಿತ್ತು. ಎಕ್ಸೆಲ್ ಶೀಟ್ ಸ್ಕ್ರಾಲ್ ಮಾಡಿದರೆ ಸಾಲುಗಳೆಲ್ಲ ಕಲಸಿಹೋಗಿ, ಆಮೇಲೆ ಒಂದೊಂದೇ ತಿಳಿಯಾಗುತ್ತಿದ್ದವು. ಮೆಟ್ಟಿಲು ಹತ್ತಿ ಹೋಗಿದ್ದರೆ ಬೇಗ ಕೆಲಸ ಮುಗಿಯುತ್ತಿತ್ತು, ಸುಳ್ಳಲ್ಲ. ವಿಂಡೋದ ಮೇಲ್ಗಡೆ ಶೀಲ್ಡ್ ಥರ ಒಂದು ಗುರುತು ಇದೆ. ಅದರ ಮೇಲೆ ಮೌಸ್ ಇಟ್ಟರೆ ಸಂಪರ್ಕ ಡೈರೆಕ್ಟೋ ರಿಲೇಯೋ ಅಂತ ಹೇಳುತ್ತದೆ. ನನ್ನದು ರಿಲೇ. ಅಂದರೆ ತಲೆ ಮೇಲಿನ ರೂಮಿನ ಪರದೆ ಎಲ್ಲೋ ಇರುವ ಸರ್ವರ್ ಸುತ್ತಿಕೊಂಡು ನನ್ನ ಲ್ಯಾಪ್‌ಟಾಪಿಗೆ ಬರುತ್ತಿತ್ತು!

ಫೈಬರ್‌ನವರು ಕೆಳಗೆ ಇಟ್ಟ ಡಬ್ಬಿಯೇ ಒಂದು ರೂಟರ್. ಮೇಲೆ ಸಿಗ್ನಲ್ ಬರುವುದಿಲ್ಲ ಅಂದಿದ್ದಕ್ಕೆ ಕೇಬಲ್ ಎಳೆಯಲು ಬಂದ ಹುಡುಗ ಇನ್ನೊಂದು ರೂಟರ್ ತಂದು, ಕೆಳಗಿನಿಂದ ಬಂದ ಕೇಬಲನ್ನು ಅದರ ವ್ಯಾನ್ ಪೋರ್ಟಿಗೆ (ಇಂಟರ್ನೆಟ್ ಒಳಗೆ ಬರುವ ತೂತು) ಸಿಕ್ಕಿಸಿ ಹೋಗಿದ್ದ. ಹೀಗಾಗಿ ಐಪಿ, ಅಂದರೆ ನೆಟ್‌ವರ್ಕಿನಲ್ಲಿ ಪ್ರತಿ ಯಂತ್ರಕ್ಕೆ ಸಿಗುವ ವಿಳಾಸದ ನಂಬರ್, ಕೆಳಗೆ 192.168.1ರ ಸಾಲು, ಮೇಲೆ 192.168.0. ಒಂದೇ ಸೂರಿನಡಿ ಎರಡು ಸಂಸಾರ. ಮೇಲಿನದು ಓಗೊಡುತ್ತದೆಯೇ ಅಂತ ಕೆಳಗಿನಿಂದ ಪಿಂಗ್ ಹೊಡೆದರೆ ಬರೀ ‘ರಿಕ್ವೆಸ್ಟ್ ಟೈಮ್ಡ್ ಔಟ್’. ನೇರ ದಾರಿ ಸಿಗದೆ ರಸ್ಟ್‌ಡೆಸ್ಕ್ ರಿಲೇ ಹಿಡಿದಿತ್ತು.

ಮೇಲಿನ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಬೇರೆ ನೆಟ್‌ವರ್ಕ್ ಮಾಡದೆ ಕೆಳಗಿನದನ್ನೇ ಹಂಚುವ ಹಾಗೆ) ಹಾಕಿದೆ, ಎರಡೂ ಒಂದಾದವು. ಆ ಮೋಡ್ ಇಲ್ಲದ ಹಳೇ ರೂಟರಾದರೆ ಅದಕ್ಕೆ ಕೆಳಗಿನ ಸಾಲಿನಲ್ಲೇ ಖಾಲಿ ಇರುವ ಐಪಿ ಕೊಟ್ಟು, ತಾನೇ ಐಪಿ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು ವ್ಯಾನ್ ಬಿಟ್ಟು ಲ್ಯಾನ್ ಪೋರ್ಟಿಗೆ ಹಾಕಬೇಕು. ಆಮೇಲೆ ಡೆಸ್ಕ್‌ಟಾಪಿನ ರಸ್ಟ್‌ಡೆಸ್ಕ್‌ನಲ್ಲಿ ಸೆಕ್ಯುರಿಟಿ ಸೆಟ್ಟಿಂಗ್‌ಗೆ ಹೋಗಿ ಡೈರೆಕ್ಟ್ ಐಪಿ ಆಕ್ಸೆಸ್ ಆನ್ ಮಾಡಿ. ಪೋರ್ಟ್ 21118, ಫೈರ್‌ವಾಲ್ ತಡೆದರೆ ಅದಕ್ಕೆ ದಾರಿ ಬಿಡಬೇಕು. ಇನ್ನು ಲ್ಯಾಪ್‌ಟಾಪಿನಲ್ಲಿ ಐಡಿ ಜಾಗದಲ್ಲಿ ಡೆಸ್ಕ್‌ಟಾಪಿನ ಐಪಿ ಬರೆದರೆ ಸಾಕು, ಇಂಟರ್ನೆಟ್ ಹೋದರೂ ಮನೆಯೊಳಗೆ ನಡೆಯುತ್ತದೆ. ಕರೆಂಟ್ ಹೋಗಿ ಬಂದಾಗ ಐಪಿ ಬದಲಾಗಿಬಿಡಬಹುದು, ಅದಕ್ಕೆ ಕೆಳಗಿನ ರೂಟರಿನಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ ಮಾಡಿ ಒಂದೇ ನಂಬರ್ ಖಾಯಂ ಮಾಡಿ.

ಇಷ್ಟೆಲ್ಲ ಆದಮೇಲೆ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಕನ್ನಡ ಟೈಪಿಂಗ್. ಕೀಬೋರ್ಡ್ ಆಯ್ಕೆಯಲ್ಲಿ ಮ್ಯಾಪ್ ಮೋಡ್ ಇಟ್ಟು, ಲ್ಯಾಪ್‌ಟಾಪನ್ನು ಇಂಗ್ಲಿಷಿನಲ್ಲೇ ಬಿಟ್ಟೆ. ಒತ್ತಿದ ಕೀ ಹಾಗೇ ಮೇಲೆ ಹೋಗುತ್ತದೆ, ಅದನ್ನು ಕನ್ನಡ ಮಾಡುವ ಕೆಲಸ ಅಲ್ಲಿನ ನುಡಿ ತಂತ್ರಾಂಶದ್ದು. ಒತ್ತಕ್ಷರ, ಅರ್ಕಾವತ್ತು ಎಲ್ಲ ಸರಿಯಾಗಿ ಬೀಳುತ್ತವೆ. ಊಟ ಮುಗಿಸಿ, ದಿವಾನದ ಮೇಲೆ ಕಾಲು ಚಾಚಿ, ಫ್ಯಾನ್ ಕೆಳಗೆ ಸಂಘದ ಲೆಕ್ಕಪತ್ರ ಟೈಪ್ ಮಾಡುವ ಸುಖವೇ ಬೇರೆ.

ಒಂದೇ ತಕರಾರು ಉಳಿದಿದೆ. ಡೆಸ್ಕ್‌ಟಾಪ್ ಸ್ಲೀಪ್‌ಗೆ ಹೋದರೆ ಅದನ್ನು ಎಬ್ಬಿಸಲು ಮೇಲೆ ಹತ್ತಲೇಬೇಕು. ನನ್ನದು ವೈಫೈ ಡಾಂಗಲ್‌ನಲ್ಲಿ ಓಡುತ್ತದೆ, ನೆಟ್‌ವರ್ಕ್ ಮೂಲಕ ದೂರದಿಂದಲೇ ಎಬ್ಬಿಸುವ ವೇಕ್ ಆನ್ ಲ್ಯಾನ್ ಬೇಕಾದರೆ ಕೇಬಲ್ ಹಾಕಿಸಬೇಕು. ಸದ್ಯಕ್ಕೆ ಸ್ಲೀಪ್ ಆಫ್ ಮಾಡಿ, ಮಾನಿಟರ್ ಮಾತ್ರ ಆರಿಸಿ ಬರುತ್ತಿದ್ದೇನೆ.