ತಾರೀಖು ಸುಳ್ಳು, ಸೆಕೆಂಡು ನಿಜ

ಎಂಟು ತಿಂಗಳಿಂದ ನನ್ನ ಕೆಲಸದ ಮೇಜಿನ ಮೇಲೆ ಒಂದು ಹಳೆಯ ಜಿಪಿಎಸ್ ಆಸಿಲೇಟರ್, ಅಂದರೆ ಉಪಗ್ರಹದ ಸಮಯಕ್ಕೆ ಹೊಂದಿಕೊಂಡು ಕರಾರುವಾಕ್ಕಾಗಿ ಮಿಡಿಯುವ ಪೆಟ್ಟಿಗೆ, ಕುಳಿತಿದೆ. ದೂರಸಂಪರ್ಕ ಗೋಪುರದಿಂದ ಕಳಚಿ ಮಾರಿದ್ದು. ಒಳಗೆ ಪುಟ್ಟ ಓವನ್, ಅದರೊಳಗೆ ಬೆಚ್ಚಗಿರುವ ಕ್ವಾರ್ಟ್ಜ್ ಹರಳು. ಹರಳು ದಾರಿ ತಪ್ಪಿದಾಗಲೆಲ್ಲ ಕಿವಿ ಹಿಂಡುವುದು ಉಪಗ್ರಹಗಳಿಂದ ಬರುವ ಸಮಯ. ಹಿಂಬದಿಯ ಒಂದು ಸಾಕೆಟ್‌ನಲ್ಲಿ 10 ಮೆಗಾಹರ್ಟ್ಜ್ (ಸೆಕೆಂಡಿಗೆ ಒಂದು ಕೋಟಿ ಕಂಪನ), ಇನ್ನೊಂದರಲ್ಲಿ ಸೆಕೆಂಡಿಗೊಂದು ಪಲ್ಸ್ (ವಿದ್ಯುತ್ ಮಿಡಿತ).

ಮೊದಲ ದಿನವೇ ರಗಳೆಯಾಯಿತು. ಸೆಕೆಂಡಿಗೆಷ್ಟು ಕಂಪನ (ಆವರ್ತನ) ಎಂದು ಎಣಿಸುವ ನನ್ನ ಫ್ರೀಕ್ವೆನ್ಸಿ ಕೌಂಟರ್ 1,00,00,012 ಹರ್ಟ್ಜ್ ಎಂದಿತು. ಮಾರಿದವರಿಗೆ ಖಾರವಾಗಿಯೇ ಪತ್ರ ಬರೆದೆ. ತಾಸು ಕಳೆದು ನೋಡಿದರೆ ಕೊನೆಯ 12 ಇಳಿದು 9 ಆಗಿದೆ. ಕೌಂಟರ್ ಮುಟ್ಟಿದರೆ ಬಿಸಿ. ಫ್ಯಾನ್ ಹಾಕಿ ತಣಿಸಿದೆ, ಮತ್ತೆ 12! ತಪ್ಪು ಕೌಂಟರಿನದೇ; ಕುಣಿಯಲಾರದವಳು ನೆಲ ಡೊಂಕು ಎಂದಂತಾಗಿತ್ತು. ಕ್ಷಮೆ ಕೇಳಿ ಎರಡನೆಯ ಪತ್ರ ಬರೆದೆ. ಈಗ ಕೌಂಟರಿಗೂ ಈ ಪೆಟ್ಟಿಗೆಯೇ ಮೇಷ್ಟರು.

ಪೆಟ್ಟಿಗೆಯ ತೆರೆಯ ಮೇಲಿನ ತಾರೀಖನ್ನು ಮಾತ್ರ ನಂಬಬೇಡಿ. ಅದು ಸರಿಯಾಗಿ 1024 ವಾರ, ಅಂದರೆ ಹತ್ತೊಂಬತ್ತೂವರೆ ವರ್ಷಕ್ಕಿಂತ ತುಸು ಹೆಚ್ಚು, ಹಿಂದಿದೆ. ಜಿಪಿಎಸ್‌ನ ಹಳೆಯ ಸಂದೇಶದಲ್ಲಿ ವಾರದ ಎಣಿಕೆಗೆ 10 ಬಿಟ್, ಅಂದರೆ 0ಯಿಂದ 1023ರವರೆಗೆ ಎಣಿಸುವಷ್ಟೇ ಜಾಗ. 1980ರ ಜನವರಿ 6ರಿಂದ ಶುರುವಾದ ಲೆಕ್ಕ 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಸೊನ್ನೆಗೆ ಮರಳಿತು. ಈ ರಿಸೀವರಿಗೆ ಅದು ತಿಳಿಯಲೇ ಇಲ್ಲ. ಪಲ್ಸ್‌ಗೆ ಇದರಿಂದ ಕೂದಲೆಳೆಯಷ್ಟೂ ತೊಂದರೆಯಿಲ್ಲ.

ನನ್ನ ಸಿಟ್ಟಿರುವುದು ಹಸಿರು ದೀಪದ ಮೇಲೆ. ನಾಲ್ಕೇ ನಿಮಿಷಕ್ಕೆ ಹೊತ್ತಿಕೊಂಡು ಎಲ್ಲ ಸರಿಹೋಯಿತೆಂದು ಸಾರುತ್ತದೆ. ಆದರೆ ಹರಳಿನ ನಿಯಂತ್ರಣ ವೋಲ್ಟೇಜನ್ನು (ಹರಳನ್ನು ದಾರಿಗೆ ತರುವ ವೋಲ್ಟೇಜು) ಅಳೆಯುತ್ತ ಕುಳಿತರೆ ಅದು ಒಂದು ಕಡೆ ನಿಲ್ಲಲು ಅರ್ಧ ದಿನ ಬೇಕು. ಉಪಗ್ರಹದ ಸಮಯ ಸಿಗದಂತೆ ಆಂಟೆನಾ ಕಿತ್ತೂ ನೋಡಿದೆ. ಗೆಳೆಯನ ರುಬಿಡಿಯಂ ಗಡಿಯಾರದ (ಒಂದು ಬಗೆಯ ಪರಮಾಣು ಗಡಿಯಾರ) ಪಕ್ಕದಲ್ಲಿಟ್ಟಾಗ ಒಂದು ತಾಸಿಗೆ ಸುಮಾರು 2 ಮೈಕ್ರೊಸೆಕೆಂಡ್ ಜಾರಿತು. ಆವರ್ತನ ಅಳೆಯುವವರಿಗೆ ಈ ಪೆಟ್ಟಿಗೆ ಸಾಕು. ಉಪಗ್ರಹ ಕಾಣದ ಹೊತ್ತಿನಲ್ಲೂ ಸಮಯ ಹಿಡಿದಿಟ್ಟುಕೊಳ್ಳಬೇಕಾದವರು ರುಬಿಡಿಯಂ ಇರುವುದನ್ನೇ ಕೊಳ್ಳಲಿ.

ಇನ್ನು ಕೇಬಲ್ಲಿನ ಕಥೆ. ಕಕ್ಷೆಯಲ್ಲಿರುವ ಗಡಿಯಾರ ನೆಲದ್ದಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೋಡುತ್ತದೆಂದು, ಅದರ ಆವರ್ತನವನ್ನು 10.23ರ ಬದಲು 10.22999999543 ಮೆಗಾಹರ್ಟ್ಜ್‌ಗೆ ತಿದ್ದಿಯೇ ಮೇಲೆ ಕಳಿಸುತ್ತಾರೆ. ಅಷ್ಟು ಜತನದಿಂದ ಬಂದ ಸೆಕೆಂಡನ್ನು ನನ್ನ 20 ಮೀಟರ್ ಆಂಟೆನಾ ಕೇಬಲ್ ಸುಮಾರು 100 ನ್ಯಾನೊಸೆಕೆಂಡ್ ತಡಮಾಡುತ್ತದೆ. ಅಷ್ಟರಲ್ಲಿ ಬೆಳಕು 30 ಮೀಟರ್ ಹೋಗಿರುತ್ತದೆ. ಇದನ್ನು ಸರಿದೂಗಿಸಲು ಪೆಟ್ಟಿಗೆಯಲ್ಲಿ ವ್ಯವಸ್ಥೆಯೇನೋ ಇದೆ. ವಿದ್ಯುತ್ ಹೋದರೆ ಅಂಕಿಯನ್ನು ಮರೆತುಬಿಡುತ್ತದೆ. 100 ಎಂದು ಬರೆದ ಚೀಟಿಯನ್ನು ಅದರ ನೆತ್ತಿಗೇ ಅಂಟಿಸಿದ್ದೇನೆ.